ಹೊಸಾ ಶಾಕ್ ಹಾಕಿದ ಮ್ಯಾಲೂ ‘ಟಕ್’ ಅಂತೈತಿ ಅಂದ್ರ ಎಲ್ಲಿ ಹುಡುಕಬೇಕು

ಯುಗಾದಿ ರಜಾದಾಗ ಮನಿ ಮುಂದ ಬೇವಿನ ಗಿಡದ ನೆಳ್ಳಿಗೆ ಕುಂತು ನಮ್ಮ ಹಳೇ ಹ್ಯಾಚ್‌ಬ್ಯಾಕ್‌ದು ಮುಂದಿನ ಎರಡೂ ಸ್ಟ್ರಟ್ (ಸ್ಪ್ರಿಂಗ್ ಕೂಡಿದ ಶಾಕ್) ನಾನ ಬದ್ಲಿ ಮಾಡಿದೆ. ನಾನ ಅಂದ್ರ ನಾನು ಮತ್ತ ನಮ್ಮ ಅಕ್ಕನ ಮಗ, ಇಬ್ರು. ಗಂಗಾವತಿ ಬಿಸಲು ಗೊತ್ತಿದ್ದದ್ದ, ಅದಕ್ಕ ಮುಂಜಾನಿ ಆರಕ್ಕ ಜಾಕ್ ಎತ್ತಿ ಹನ್ನೊಂದರೊಳಗ ಎಡಗಡಿದು ಮುಗಿಸಿ, ಹೋಳಿಗಿ ಉಂಡು ಮಲಗಿ, ಸಂಜಿಮುಂದ ಬಲಗಡಿದು ಮುಗಿಸಿದ್ವಿ. ಟ್ರಯಲ್ ನೋಡೋಣು ಅಂತ ಕಾಲುವಿ ಕಡಿ ಹೊಂಟೆ. ಗಾಡಿ ಹೂವಿನಂಗ ಹೊಂಟಿತ್ತು, ಮೊದ್ಲಿನ ಕುಣಿತ ಇಲ್ಲ, ಜೋಲಿ ಇಲ್ಲ, ನಾನು ಮನಸ್ಸಿನಾಗ ಗ್ಯಾರೇಜ್ ಬಿಲ್ ಎಷ್ಟು ಉಳೀತು ಅಂತ ಲೆಕ್ಕ ಹಾಕಾಕತ್ತಿದ್ದೆ. ಕಾಲುವಿ ಬ್ರಿಜ್ ಹಂತ್ಯಾಕ ಒಂದು ಹಂಪ್ ಐತಿ, ಅದ್ರ ಮ್ಯಾಲ ನಿಧಾನಕ ಇಳಿಸಿದೆ, ಎಡಗಡಿ ಮುಂದಿನ ಗಾಲಿ ಕಡಿಂದ ‘ಟಕ್’. ಒಂದ ಸಲ. ರಿವರ್ಸ್ ತಗೊಂಡು ಮತ್ತ ಇಳಿಸಿದೆ, ಮತ್ತ ‘ಟಕ್’.

ಆ ಟಕ್ ಹುಡುಕಾಕ ನನಗ ನಾಕು ದಿನ ಹಿಡೀತು, ಅದ್ರಾಗ ಮೂರು ದಿನ ಸುಮ್ನ ಹಾಳು ಮಾಡ್ಕೊಂಡೆ, ಯಾಕಂದ್ರ ಮೊದ್ಲನೇ ರಾತ್ರಿನ ‘ಇದು ಲಿಂಕ್ ರಾಡ್ ಅಷ್ಟ’ (ಗಾಡಿ ವಾಲೋದು ತಡಿಯೋ ಸ್ಟೆಬಿಲೈಸರ್ ಬಾರನ್ನ ಸ್ಟ್ರಟ್ಟಿಗೆ ಜೋಡಿಸೋ ಸಣ್ಣ ಸರಳು) ಅಂತ ನಾನ ಫೈಸಲಾ ಮಾಡಿ ಮರುದಿನ ಹೊಸಪೇಟಿಗೆ ಹೋಗಿ ಎರಡು ಹೊಸಾ ಲಿಂಕ್ ರಾಡ್ ತಂದು ಹಾಕಿದೆ, ರೊಕ್ಕ ಹೋತು, ಟಕ್ ಹೋಗ್ಲಿಲ್ಲ. ಅದಕ್ಕ ಯಾವ ಸಾಮಾನೂ ತರಾಕ ಹೋಗೋಕಿಂತ ಮುಂಚೆ ಯಾವ ಕ್ರಮದಾಗ ನೋಡಬೇಕು ಅನ್ನೋದನ್ನ ಬರೀತೀನಿ. ಹೊಸಾ ಸ್ಟ್ರಟ್ ಹಾಕಿದ ಮ್ಯಾಲೆ ಬರೋ ಸಪ್ಪಳ ಹೆಚ್ಚಾಗಿ ಹೊಸಾ ಸಾಮಾನಿಂದಲ್ರಿ, ಹಾಕಿದಾಂವನ ಕೈದು.

ಮೊದ್ಲು ಡಿಕ್ಕಿ ಖಾಲಿ ಮಾಡ್ರಿ

ನಗಬ್ಯಾಡ್ರಿ. ಕೆಲಸ ಮುಗದ ಮ್ಯಾಲೆ ಜಾಕು, ಪಾನಾ, ಗೋಟಿ ಎಲ್ಲಾ ಅವಸರದಾಗ ಡಿಕ್ಕಿಗೆ ಒಗದಿರತೀವಿ, ಸ್ಟೆಪ್ನಿ ಬೋಲ್ಟ್ ಸಡ್ಲ ಇರತೈತಿ, ಅವು ಮಾಡೋ ಸಪ್ಪಳ ಗಾಡಿ ಒಳಗ ಕುಂತಾಂವಗ ಮುಂದಿಂದ ಬಂದಂಗ ಕೇಳಸ್ತೈತಿ. ಎಲ್ಲಾ ಹೊರಗ ತಗದಿಟ್ಟು ಒಂದು ರೌಂಡ್ ಹೋಗಿ ಬರ್ರಿ.

ಆಮ್ಯಾಲೆ ಗಾಲಿ ನಟ್. ಗಾಡಿ ನೆಲದ ಮ್ಯಾಲ ನಿಂತಾಗ ಎದುರುಬದುರು ಲೆಕ್ಕದಾಗ ಬಿಗೀರಿ, ಸಣ್ಣ ಕಾರಿಗೆ ಸಾಮಾನ್ಯ 85ರಿಂದ 110 ನ್ಯೂಟನ್ ಮೀಟರ್ ನಡುವ ಇರತೈತಿ, ನಿಮ್ಮ ಗಾಡಿ ಬುಕ್‌ನ್ಯಾಗ ಇದ್ದದ್ದ ಖರೆ. ಬ್ರೇಕ್ ಹೋಸ್ ಸ್ಟ್ರಟ್‌ಗೆ ಹಿಡಿಯೋ ಕ್ಲಿಪ್ಪು ಅಥವಾ ಬೋಲ್ಟು ಹಾಕೀರೋ ಇಲ್ಲೋ ನೋಡ್ರಿ, ಮರತ್ರ ಸ್ಟೇರಿಂಗ್ ಪೂರ್ತಿ ತಿರುವಿದಾಗ ಹೋಸು ಟಯರಿಗೆ ತಿಕ್ಕತೈತಿ, ಇದು ಸಪ್ಪಳದ ಮಾತಲ್ಲ ಜೀವದ ಮಾತು. ಎ.ಬಿ.ಎಸ್. ವಯರ್ರೂ ಹಂಗ, ಡ್ಯಾಶ್‌ಬೋರ್ಡ್‌ನ್ಯಾಗ ಹಳದಿ ಲೈಟ್ ಹತ್ತಿದ್ರ ಮೊದ್ಲು ಆ ಕಪ್ಲರ್ ನೋಡ್ರಿ, ನಾವ ಎಳದಿರತೀವಿ.

ಎಡ ಬಲ ಅದಲಬದಲು ಆಗೇತೋ ಅದನ್ನೂ ಒಂದು ಕಣ್ಣು ನೋಡ್ರಿ. ಹೋಸಿನ ಬ್ರಾಕೆಟ್ಟು, ಲಿಂಕ್ ರಾಡ್ ಕಿವಿ, ಎಡದ್ದು ಬ್ಯಾರೆ ಬಲದ್ದು ಬ್ಯಾರೆ ಮುಖ ಮಾಡಿರತಾವು.

ಯಾವಾಗ ಅಂತೈತಿ ಅನ್ನೋದ ಅರ್ಧ ಉತ್ತರ

ನಮ್ಮ ಕಡಿ ರೋಡು ಕೆಟ್ಟದ್ದು ಅಂತ ಎಲ್ಲಾರೂ ಬೈತಾರ, ಆದ್ರ ಇದೊಂದು ಕೆಲಸಕ್ಕ ಭಾಳ ಉಪಯೋಗ. ಕಾರಟಗಿ ದಾಟಿ ಸಿಂಧನೂರ ಕಡಿ ಹೊಂಟ್ರ ಎರಿ ಭೂಮಿ, ಮಳಿಗಾಲಕ್ಕ ಉಬ್ಬತೈತಿ ಬ್ಯಾಸಗಿಗೆ ಬಿರೀತೈತಿ, ಅದ್ರ ಮ್ಯಾಲಿನ ಡಾಂಬರು ಅಲಿ ಅಲಿ ಆಗಿರತೈತಿ. ಅಂಥಾ ಉದ್ದುದ್ದ ಅಲಿ ಮ್ಯಾಲ 50-60 ಸ್ಪೀಡಿನಾಗ ಗಾಡಿ ಎರಡು ಮೂರು ಸಲ ಮ್ಯಾಲ ಕೆಳಗ ಆಡಿದ್ರ ಸ್ಟ್ರಟ್ ಒಳಗಿನ ಎಣ್ಣಿ ಕೆಲಸ ಸರಿ ಆಗವಲ್ದು ಅಂತ ಅರ್ಥ. ಜಲ್ಲಿ ಎದ್ದ ಹಳ್ಳಿ ದಾರ್ಯಾಗ 20ರಾಗ ಹೊಂಟಾಗ ‘ಟಟಟಟ’ ಅಂತ ಬೆನ್ನಬೆನ್ನಿಗೆ ಸಣ್ಣ ಸಪ್ಪಳ ಬಂದ್ರ ಲಿಂಕ್ ರಾಡ್ ಮ್ಯಾಲ ಅನುಮಾನ ಪಡ್ರಿ. ಹಂಪ್ ನಿಧಾನಕ ಇಳಿಯೋ ಮುಂದ ಒಂದ ದಪ್ಪ ‘ಟಕ್’ ಬಂದ್ರ ಮ್ಯಾಲಿನ ಮೌಂಟಿಂಗ್ (ಸ್ಟ್ರಟ್ ತುದಿನ್ನ ಬಾಡಿಗೆ ಹಿಡಿಯೋ ರಬ್ಬರ್ ಸಾಮಾನು), ಕೆಳಗಿನ ಎರಡು ದೊಡ್ಡ ಬೋಲ್ಟ್, ಇಲ್ಲಾ ಬಾಲ್ ಜಾಯಿಂಟ್ (ಗಾಲಿ ಕಡಿಗೂ ಲೋವರ್ ಆರ್ಮಿಗೂ ನಡುವಿನ ಗುಂಡು ಕೀಲು). ಬ್ರೇಕ್ ಹಿಡದಾಗ ಒಂದು, ಬಿಟ್ಟು ಗಾಡಿ ಎತ್ತೋ ಮುಂದ ಇನ್ನೊಂದು ಬಂದ್ರ ಲೋವರ್ ಆರ್ಮ್ (ಗಾಲಿನ್ನ ಕೆಳಗಿಂದ ಹಿಡಿಯೋ ತೋಳು) ಬುಶ್ಶು, ಬ್ರೇಕ್ ಕ್ಯಾಲಿಪರ್ ಬಿಚ್ಚಿದ್ರ ಅದ್ರ ಬೋಲ್ಟು. ಗಾಡಿ ನಿಂತಲ್ಲೇ ಸ್ಟೇರಿಂಗ್ ತಿರುವಿದಾಗ ‘ಟಂಯ್’ ಅಂದ್ರ ಅದು ಸ್ಪ್ರಿಂಗ್ ಮತ್ತ ಮ್ಯಾಲಿನ ಬೇರಿಂಗ್ ಕಥಿ.

ನನ್ನ ಗಾಡಿ ಜಲ್ಲಿ ದಾರ್ಯಾಗ ಸುಮ್ನಿತ್ತು, ಹಂಪ್ ಮ್ಯಾಲ ಅಷ್ಟ ಅಂತಿತ್ತು. ಇದೊಂದನ್ನ ಮೊದ್ಲನೇ ದಿನ ಲಕ್ಷ್ಯ ಕೊಟ್ಟಿದ್ರ ಹೊಸಪೇಟಿಗೆ ಹೋಗೋದ ಬ್ಯಾಡಾಗಿತ್ತು.

ಲಿಂಕ್ ರಾಡ್ ಹೌದೋ ಅಲ್ಲೋ ಅಂತ ಪುಕ್ಕಟ ನೋಡೋದು ಹೆಂಗಂದ್ರ, ಎರಡೂ ಕಡಿ ಲಿಂಕ್ ರಾಡ್ ಬಿಚ್ಚಿ, ಸ್ಟೆಬಿಲೈಸರ್ ಬಾರ್ ಎಲ್ಲೂ ತಾಗಲಾರದಂಗ ತಂತಿ ಕಟ್ಟಿ, ಓಣ್ಯಾಗ ಹತ್ತು ಹದಿನೈದು ಸ್ಪೀಡಿನಾಗ ಒಂದು ಸುತ್ತು ಹೊಡೀರಿ. ಸಪ್ಪಳ ಹೋತಂದ್ರ ಅವ. ಇದ್ದಂಗ ಇತ್ತಂದ್ರ ಅವನ್ನ ಬಿಟ್ಟು ಮುಂದಕ್ಕ ನಡೀರಿ. ಅವನ್ನ ಬಿಚ್ಚಿದಾಗ ಗಾಡಿ ತಿರುವಿನಾಗ ಭಾಳ ವಾಲತೈತಿ, ಮೇನ್ ರೋಡಿಗೆ ಹಂಗ ತಗೊಂಡು ಹೋಗಬ್ಯಾಡ್ರಿ. ಮತ್ತ ಹಾಕೋ ಮುಂದ ಒಂದ ಕಡಿ ಗಾಲಿ ಎತ್ತಿ ಹಾಕಾಕ ಹೋದ್ರ ಬಾರ್ ತಿರುಚಿಕೊಂಡು ತೂತಿಗೆ ಕೂಡಂಗಿಲ್ಲ, ಎರಡೂ ಗಾಲಿ ಒಂದ ಎತ್ತರಕ್ಕಿದ್ದಾಗ ಹಾಕ್ರಿ.

ನಿಂತಲ್ಲೇ ತಿರುವಿದಾಗ ‘ಟಂಯ್’

ಇದು ಹಿಡಿಯಾಕ ಭಾಳ ಸರಳ. ಎಂಜಿನ್ ಚಾಲೂ ಇಟ್ಟು ಒಬ್ರು ಸ್ಟೇರಿಂಗ್ ನಿಧಾನಕ ಈ ತುದಿಯಿಂದ ಆ ತುದಿಗೆ ತಿರುವಬೇಕು, ಇನ್ನೊಬ್ರು ಬಾನೆಟ್ ಎತ್ತಿ ಸ್ಟ್ರಟ್ ತುದಿ ಮ್ಯಾಲ ಅಂಗೈ ಇಟ್ಟು ನೋಡಬೇಕು, ಆಮ್ಯಾಲೆ ಗಾಲಿ ಹಿಂದ ಕೈ ಹಾಕಿ ಸ್ಪ್ರಿಂಗಿನ ಹೊರಗಿನ ಸುತ್ತಿನ ಮ್ಯಾಲ ಬೆರಳಿನ ತುದಿ ಇಡಬೇಕು, ಸುತ್ತಿನ ನಡುವ ಬೆರಳು ತೂರಿಸಬ್ಯಾಡ್ರಿ. ಬೇರಿಂಗ್ ಚೊಲೋ ಇದ್ರ ಸ್ಪ್ರಿಂಗು ಸ್ಟ್ರಟ್ ಜೊತಿ ಸುಮ್ನ ತಿರುಗತೈತಿ. ಬೇರಿಂಗ್ ಜಾಮ್ ಆಗಿದ್ರ ಕೆಳಗಿನ ತುದಿ ಅಷ್ಟ ತಿರುಗಿ ಮ್ಯಾಲಿಂದು ತಡದು, ಸ್ಪ್ರಿಂಗ್ ತಿರುಚಿಕೊಂತ ಹೋಗಿ, ತಡಿಯಾಕ ಆಗಲಾರದಕ್ಕ ಒಮ್ಮಿಗೆ ಜಿಗೀತೈತಿ. ಆ ಜಿಗಿತ ಬೆರಳಿಗೆ ಸ್ಪಷ್ಟ ಗೊತ್ತಾಗತೈತಿ.

ಕಾರಣ ಎರಡ. ಒಂದು, ಹಳೇ ಬೇರಿಂಗನ್ನ ಒರಸಿ ಗ್ರೀಸ್ ಹಚ್ಚಿ ಮತ್ತ ಹಾಕಿರತೀವಿ, ಅದ್ರೊಳಗ ವರ್ಷಾನುಗಟ್ಲೆ ಧೂಳು ಕುಂತಿರತೈತಿ, ನಮ್ಮೂರಾಗಂತೂ ರೋಡಿನ ಧೂಳು ಸಾಲದ್ದಕ್ಕ ರೈಸ್ ಮಿಲ್ ಬೂದಿನೂ ಐತಿ. ಎರಡು, ಹೊಸಾದನ್ನ ತಲಿಕೆಳಗ ಹಾಕಿರತೀವಿ. ಬಿಚ್ಚೋ ಮುಂದ ಫೋನಿನಾಗ ಫೋಟೋ ಹೊಡಕೋಬೇಕಿತ್ತು ಅಂತ ಅವಾಗ ನೆನಪಾಗತೈತಿ. ಸ್ಟ್ರಟ್ ಬದ್ಲಿ ಮಾಡೋ ಮುಂದ ಬೇರಿಂಗು, ರಬ್ಬರ್ ಮೌಂಟಿಂಗು, ಬಂಪ್ ಸ್ಟಾಪು, ಧೂಳಿನ ಕವರ್ರು ಇವನ್ನೂ ಹೊಸಾವ ಹಾಕ್ರಿ ಅಂತ ನನ್ನ ಅಭಿಪ್ರಾಯ, ಅವು ಸ್ಟ್ರಟ್ಟಿನಷ್ಟು ತುಟ್ಟಿ ಅಲ್ಲ, ಆದ್ರ ಅವಕ್ಕ ಸಲವಾಗಿ ಮತ್ತ ಅಷ್ಟೂ ಕೆಲಸ ಮೊದ್ಲಿಂದ ಮಾಡಬೇಕಾಗತೈತಿ.

ಟಂಯ್ ಅನ್ನಾಕ ಇನ್ನೊಂದು ಕಾರಣ, ಸ್ಪ್ರಿಂಗಿನ ತುದಿ ಕೆಳಗಿನ ತಟ್ಟಿಯ ಮೆಟ್ಟಲದಾಗ ಸರಿಯಾಗಿ ಕುಂತಿರಂಗಿಲ್ಲ. ಟಾರ್ಚ್ ಹಾಕಿ ನೋಡ್ರಿ, ತುದಿ ಆ ಮೆಟ್ಟಲಕ್ಕ ತಾಗಿ ನಿಂತಿರಬೇಕು. ಅದ್ರ ಮ್ಯಾಲ ಹತ್ತಿ ಕುಂತಿದ್ರ ಆ ಕಡಿ ಗಾಡಿ ಎತ್ತರನೂ ಆಗಿರತೈತಿ. ಟೇಪ್ ಹಿಡದು ಗಾಲಿ ನಡುವಿಂದ ಫೆಂಡರ್ ಅಂಚಿಗೆ ಎರಡೂ ಕಡಿ ಅಳೀರಿ, ಅಳಿಯೋಕಿಂತ ಮುಂಚೆ ಗಾಡಿ ಹತ್ತು ಹೆಜ್ಜಿ ಮುಂದಕ ಹಿಂದಕ ಉರುಳಿಸಿ ಬಾನೆಟ್ ಕಡಿ ಒತ್ತಿ ಬಿಡ್ರಿ, ಯಾಕಂದ್ರ ಜಾಕ್ ಇಳಿಸಿದ ಕೂಡ್ಲೆ ಟಯರು ನೆಲ ಹಿಡಕೊಂಡು ಗಾಡಿ ಎತ್ತರದಾಗ ನಿಂತಿರತೈತಿ. ಎಡಕ್ಕೂ ಬಲಕ್ಕೂ 10-15 ಮಿಲಿಮೀಟರ್‌ಕಿಂತ ಜಾಸ್ತಿ ಫರಕು ಬಂದ್ರ ಸುಮ್ನ ಬಿಡಬ್ಯಾಡ್ರಿ.

ಹಂಪ್ ಮ್ಯಾಲ ಒಂದ ‘ಟಕ್’

ಈಗ ನನ್ನ ಕಥಿಗೆ ಬರ್ತೀನಿ. ಲಿಂಕ್ ರಾಡ್ ಅಲ್ಲ ಅಂತ ಆದ ಮ್ಯಾಲೆ ಕೆಳಗಿನ ಎರಡು ಬೋಲ್ಟ್ ನೋಡಿದೆ, ಬಿಗಿ ಇದ್ದು. ಗಾಲಿ ಎತ್ತಿ ಸ್ಟ್ಯಾಂಡ್ ಮ್ಯಾಲ ಇಟ್ಟು ಗಡಿಯಾರದ 12ಕ್ಕೂ 6ಕ್ಕೂ ಕೈ ಹಿಡದು ಅಲ್ಲಾಡಿಸಿದೆ, ಆಟ ಇಲ್ಲ. ಸಬ್ಬಲ್ ಹಾಕಿ ಲೋವರ್ ಆರ್ಮ್ ಮೀಟಿದೆ, ಬಾಲ್ ಜಾಯಿಂಟ್ ಗಟ್ಟಿ. ಮ್ಯಾಲಿನ ನಟ್ಟಿಗೆ ಪಾನಾ ಹಾಕಿ ನೋಡಿದೆ, ಒಂಚೂರೂ ತಿರುಗವಲ್ದು, ಬಿಗಿ. ಹಂಗಾರ ಇದು ಸ್ಟ್ರಟ್ ಒಳಗಿನ ದೋಷ, ಹೊಸಾ ಸಾಮಾನ ಖೊಟ್ಟಿ ಅಂತ ಅಂಗಡಿಯವಗ ಫೋನ್ ಮಾಡಿ ಜಗಳ ತಗಿಯಾಕ ತಯಾರಾಗಿದ್ದೆ.

ಅಷ್ಟ್ರಾಗ ನಮ್ಮ ಓಣಿ ಮೇಸ್ತ್ರಿ ಕಾಕಾ ಬಂದ್ರು, ಸ್ಪ್ರಿಂಗ್ ಒತ್ತಿ ಹಿಡಿಯೋ ಕಂಪ್ರೆಸರ್ ಅವರದ, ವಾಪಸ್ ಒಯ್ಯಾಕ ಬಂದಿದ್ರು. ಕಥಿ ಕೇಳಿ ‘ತಮ್ಮಾ, ನಟ್ ಬಿಗಿ ಐತಿ ಅಂತಿ, ಆದ್ರ ಅದು ಏನನ್ನ ಬಿಗದೈತಿ?’ ಅಂದ್ರು. ನನಗ ತಿಳೀಲಿಲ್ಲ. ಬಾನೆಟ್ ಎತ್ತಿಸಿ, ನನ್ನ ಅಳಿಯಗ ಎಡಗಡಿ ಮೂಲಿ ಹಿಡದು ಜೋರಂಗ ಒತ್ತಿ ಬಿಡು ಅಂದು, ನನ್ನ ಕೈ ಹಿಡದು ಸ್ಟ್ರಟ್ ತುದಿ ಮ್ಯಾಲ ಇಟ್ರು, ಬೆರಳು ಅರ್ಧ ನಟ್ ಮ್ಯಾಲ ಅರ್ಧ ಮೌಂಟಿಂಗಿನ ರಬ್ಬರ್ ಮ್ಯಾಲ. ಒತ್ತಿದಾಗ ಏನೂ ಇಲ್ಲ. ಬಿಟ್ಟಾಗ ನಟ್ಟು ಮತ್ತ ರಬ್ಬರ್ ನಡುವ ಕೂದಲೆಳಿ ಅಷ್ಟು ಆಟ, ಬೆರಳಿಗೆ ಸಣ್ಣಂಗ ಬಡೀತು. ಕಿವಿಗೆ ಕೇಳಲಿಲ್ಲ, ಬೆರಳಿಗೆ ಅಷ್ಟ. ಬಲಗಡಿ ಹಂಗ ಮಾಡಿ ನೋಡಿದ್ವಿ, ಅಲ್ಲಿ ನಟ್ಟೂ ಮೌಂಟಿಂಗೂ ಒಂದ ಸಾಮಾನಿನಂಗ ಆಡ್ತಿದ್ದು.

ವಿಷಯ ಏನಂದ್ರ, ಸ್ಟ್ರಟ್ ರಾಡಿನ ತುದಿಗೆ ಥ್ರೆಡ್ ಎಲ್ಲಿ ಮುಗೀತೈತೋ ಅಲ್ಲಿಗೆ ಹೋಗಿ ನಟ್ಟು ತಡದು ನಿಂತಿತ್ತು. ಪಾನಾಕ್ಕ ಅದು ‘ಬಿಗಿ’ ಅಂತ ಹೇಳತೈತಿ. ಆದ್ರ ನಟ್ಟಿಗೂ ಬೇರಿಂಗ್ ತಟ್ಟಿಗೂ ನಡುವ ಇರಬೇಕಾದ ಒಂದು ದಪ್ಪ ವಾಷರ್ ಇಲ್ಲ, ಹಿಂಗಾಗಿ ನಟ್ಟು ಬಿಗಿ, ಮೌಂಟಿಂಗ್ ಸಡ್ಲ. ಗಾಡಿ ಭಾರ ಕುಂತಾಗ ಗೊತ್ತಾಗಂಗಿಲ್ಲ, ಹಂಪ್ ಇಳಿಯೋ ಮುಂದ ಗಾಲಿ ಕೆಳಗ ಜೋತು ಬಿದ್ದು ರಾಡ್ ಕೆಳಗ ಎಳಿಯೋ ಹೊತ್ತಿಗೆ ಆ ಕೂದಲೆಳಿ ಜಾಗ ಮುಚ್ಚಿ ‘ಟಕ್’ ಅಂತೈತಿ.

ವಾಷರ್ ಎಲ್ಲಿ ಹೋತು? ಹಳೇ ಸಾಮಾನನ್ನ ಗೊಬ್ಬರ ಚೀಲದಾಗ ಹಾಕಿ ಕಟ್ಟಿದ್ದೆ, ಗುಜರಿಯವ ಇನ್ನಾ ಬಂದಿರಲಿಲ್ಲ ಅದು ನನ್ನ ಪುಣ್ಯ. ಎಡಗಡಿ ಹಳೇ ಮೌಂಟಿಂಗನ್ನ ಹೊಳ್ಳಿಸಿ ನೋಡಿದ್ರ ಕರ್ರಗಾದ ಗ್ರೀಸಿನಾಗ ಹೂತು, ಮೌಂಟಿಂಗಿನದ ಒಂದು ಭಾಗ ಅನ್ನಂಗ ಕುಂತಿತ್ತು. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದ್ರ ಎದ್ದು ಬಂತು. ಅಳಿಯ ನಗಾಕತ್ತಿದ, ‘ಮಾಮಾ, ಬಲಗಡಿದು ನಾ ಬಿಚ್ಚಿದಾಗ ಇದು ಡೀಸೆಲ್ ಬುಟ್ಟ್ಯಾಗ ಟಣ್ ಅಂತ ಬಿತ್ತು, ಒರಸಿ ಹಾಕಿದೆ, ನಿಮ್ಮ ಕಡಿದು ನೀವು ಹಾಕಿರತೀರಿ ಅನ್ಕೊಂಡೆ’ ಅಂತ. ಎಡಗಡಿದು ಬಿಚ್ಚಿದಾಂವ ನಾನು, ಏನು ಮಾತಾಡಾಕೂ ಬಾಯಿ ಇರಲಿಲ್ಲ.

ಹಂಗಾಗಿ ಬಿಚ್ಚಿದ ಸಾಮಾನು ಬಿಚ್ಚಿದ ಕ್ರಮದಾಗ ಪೇಪರ್ ಮ್ಯಾಲ ಸಾಲಾಗಿ ಇಡ್ರಿ, ಗಾಡಿ ಒಂದು ತಿಂಗಳು ಓಡೋಮಟ ಹಳೇದು ಮಾರಬ್ಯಾಡ್ರಿ. ಕೆಲವು ಗಾಡ್ಯಾಗ ನಟ್ಟು ಖರೇನ ಸಡ್ಲ ಉಳಿಯೋದೂ ಐತಿ, ಬಿಗಿಯೋ ಮುಂದ ನಟ್ ಜೊತಿ ರಾಡೂ ತಿರುಗಾಕತ್ತಿ ಪೂರ್ತಿ ಬಿಗಿ ಆಗಿರಂಗಿಲ್ಲ. ರಾಡಿನ ತುದಿಗೆ ಆಲನ್ ಕೀ ಹಾಕಾಕ ತೂತು ಇರತೈತಿ ಇಲ್ಲಾ ಎರಡು ಕಡಿ ಚಪ್ಪಟಿ ಇರತೈತಿ, ಅದನ್ನ ಹಿಡದು ರಿಂಗ್ ಪಾನಾದಿಂದ ನಟ್ ಬಿಗೀಬೇಕು. ಕೆಳಗಿನ ಹೊಳಿಯೋ ರಾಡನ್ನ ಇಕ್ಕಳದಿಂದ ಮಾತ್ರ ಹಿಡಿಯಬ್ಯಾಡ್ರಿ. ಅದ್ರ ಮ್ಯಾಲ ಉಗುರಿನಷ್ಟು ಗೀರು ಬಿದ್ರೂ ಆ ಗೀರು ಮ್ಯಾಲ ಕೆಳಗ ಆಡ್ತಾ ಆಡ್ತಾ ಸೀಲ್ ಕೊರದು, ಕೆಲವ ವಾರದಾಗ ಎಣ್ಣಿ ಸೋರಾಕತ್ತತೈತಿ. ಹೊಸಾ ಸ್ಟ್ರಟ್ ರಾಡಿನ ಬುಡಕ್ಕ ಸ್ವಲ್ಪ ಪಸಿ ಇದ್ರ ಅಂಜಬ್ಯಾಡ್ರಿ, ಬಟ್ಟಿಲೆ ಒರಸಿ 50 ಕಿಲೋಮೀಟರ್ ಓಡಿಸಿ ಮತ್ತ ನೋಡ್ರಿ, ಎಣ್ಣಿ ಇಳದು ಅದಕ್ಕ ಧೂಳು ಮೆತ್ತಿಕೊಂಡು ಗೆರಿ ಬಿದ್ದಿದ್ರ ಅದು ಸೋರಿಕಿ.

ಮತ್ತ ಇನ್ನೊಂದು, ಹಾಕೋಕಿಂತ ಮುಂಚೆ ಸ್ಟ್ರಟ್ಟನ್ನ ನೆಟ್ಟಗ ನಿಲ್ಲಿಸಿ ರಾಡನ್ನ ಪೂರ್ತಿ ಒತ್ತಿ ಎಳದು ನಾಕೈದು ಸಲ ಮಾಡ್ರಿ. ಅಂಗಡ್ಯಾಗ ಅಡ್ಡ ಮಲಗಿಸಿದ್ದಕ್ಕ ಎಣ್ಣಿ ಕೊಳವಿ ಒಳಗ ಗಾಳಿ ಸೇರಿರತೈತಿ, ಹಂಗ ಹಾಕಿದ್ರ ಮೊದ್ಲ ಮೊದ್ಲ ಒಂದು ಇಂಚಿನಷ್ಟು ಆಟ ಖಾಲಿ ಖಾಲಿ ಅನಸ್ತೈತಿ, ಅದೂ ಟಕ್ ಅಂತೈತಿ. ಒತ್ತೋ ಮುಂದ ‘ಸುಸ್’ ಅಂತ ಎಣ್ಣಿ ಹರಿಯೋ ಸಪ್ಪಳ ಬಂದ್ರ ಅದು ದೋಷ ಅಲ್ಲ.

ಸ್ಪ್ರಿಂಗ್ ಬಿಚ್ಚೋ ಪಾಳಿ ಬಂದ್ರ

ಮ್ಯಾಲಿನ ದೋಷ ಸರಿ ಮಾಡಾಕ ಸ್ಟ್ರಟ್ ಮತ್ತ ಹೊರಗ ತಗೀಬೇಕಾಗತೈತಿ. ಎರಡನೇ ಸಲ ಮಾಡೋ ಮುಂದ ಧೈರ್ಯ ಜಾಸ್ತಿ ಬಂದಿರತೈತಿ, ಅದ ಡೇಂಜರ್. ಸಣ್ಣ ಕಾರಿನ ಮುಂದಿನ ಒಂದು ಗಾಲಿ ಮ್ಯಾಲ ಸುಮಾರು 250 ಕಿಲೋ ಭಾರ ಇರತೈತಿ, ಅಂದ್ರ ನಮ್ಮ ಕಡಿ 75 ಕಿಲೋದ ಭತ್ತದ ಚೀಲ ಮೂರಕ್ಕಿಂತ ಜಾಸ್ತಿ. ಸ್ಪ್ರಿಂಗ್ ಒತ್ತಿ ಹಿಡದಾಗ ಹೆಚ್ಚುಕಮ್ಮಿ ಅಷ್ಟು ಶಕ್ತಿ ನಿಮ್ಮ ಮೊಣಕಾಲ ಮುಂದ ಎರಡು ಕೊಕ್ಕಿ ಮ್ಯಾಲ ನಿಂತಿರತೈತಿ. ಕಂಪ್ರೆಸರ್ ಎರಡೂ ಎದುರುಬದುರು ಇರಬೇಕು, ಒಂದನ್ನ ಎರಡು ಸುತ್ತು ಬಿಗದ್ರ ಇನ್ನೊಂದನ್ನೂ ಎರಡು ಸುತ್ತು, ಕೈಯಿಂದ, ಗಾಳಿ ಗನ್ ಹಚ್ಚಬ್ಯಾಡ್ರಿ. ಥ್ರೆಡ್ಡಿಗೆ ಗ್ರೀಸ್ ಹಚ್ಚಿರ್ರಿ. ಮ್ಯಾಲಿನ ಮೌಂಟಿಂಗ್ ಕೈಲೆ ಹಿಡದು ಅಲ್ಲಾಡಿಸಿದ್ರ ಸಡ್ಲ ಅನ್ನೋಮಟ ನಡುವಿನ ನಟ್ ಮುಟ್ಟಬ್ಯಾಡ್ರಿ. ಸ್ಪ್ರಿಂಗಿನ ತುದಿ ಯಾವ ಕಡಿ ನೋಡಾಕತ್ತೈತೋ ಆ ಕಡಿ ಮಾರಿ ಇಡಬ್ಯಾಡ್ರಿ, ಹುಡುಗರನ್ನ ದೂರ ಕಳಸ್ರಿ. ಅಂಜಿಕಿ ಅನಿಸಿದ್ರ ಗಾಡಿಯಿಂದ ಸ್ಟ್ರಟ್ ಪೂರ್ತಿ ಬಿಚ್ಚಿ ಅದೊಂದನ್ನ ಗ್ಯಾರೇಜಿಗೆ ಒಯ್ದು ಸ್ಪ್ರಿಂಗ್ ಅಷ್ಟ ಬದಲಿಸಿಕೊಂಡು ಬರ್ರಿ, ಅದ್ರಾಗ ನಾಚಿಕಿ ಏನಿಲ್ಲ.

ಜಾಕ್ ಬಗ್ಗೆನೂ ಒಂದು ಮಾತು, ಎರಿ ಮಣ್ಣಿನ ಅಂಗಳದಾಗ ಎತ್ತಬ್ಯಾಡ್ರಿ, ಮ್ಯಾಲ ಒಣಗಿ ಕಲ್ಲಿನಂಗ ಕಂಡ್ರೂ ಭಾರ ಬಿದ್ದ ಮ್ಯಾಲೆ ಒಂದ ಕಡಿ ಕುಸೀತೈತಿ. ಗಚ್ಚು ನೆಲ, ಜಾಕ್ ಸ್ಟ್ಯಾಂಡು, ಹಿಂದಿನ ಗಾಲಿಗೆ ಕಲ್ಲು.

ಸಪ್ಪಳ ಇಲ್ಲ, ಆದ್ರ ಗಾಡಿ ಒಂದ ಕಡಿ ಎಳೀತೈತಿ

ಸ್ಟ್ರಟ್ಟನ್ನ ಗಾಲಿ ಕಡಿ ಹಿಡಿಯೋ ಎರಡು ಬೋಲ್ಟ್ ಅದಾವಲ್ಲ, ಅವುಗಳ ತೂತಿನಾಗ ಒಂದೀಟು ಸಡ್ಲ ಇರತೈತಿ. ನನ್ನ ಗಾಡ್ಯಾಗ ಆ ಎರಡು ಬೋಲ್ಟ್ ನಡುವ ಸುಮಾರು 60 ಮಿಲಿಮೀಟರ್ ಅಂತರ ಐತಿ, ಮ್ಯಾಲಿಂದು 1 ಮಿಲಿಮೀಟರ್ ಸರದ್ರ ಗಾಲಿ ಸುಮಾರು 1 ಡಿಗ್ರಿ ವಾಲತೈತಿ, ಕ್ಯಾಂಬರಿಗೆ, ಅಂದ್ರ ಗಾಲಿ ವಾಲಿಕಿಗೆ, ಅದು ಭಾಳ ಆತು. ಬಿಚ್ಚೋಕಿಂತ ಮುಂಚೆ ಬೋಲ್ಟ್ ತಲಿ ಸುತ್ತ ಉಗುರಬಣ್ಣದಿಂದ ಗೆರಿ ಹಾಕಿದ್ರ ಹೆಚ್ಚುಕಮ್ಮಿ ಅದ ಜಾಗಕ್ಕ ಬರತೈತಿ. ಆದ್ರ ಗೆರಿ ಹಾಕೀನಿ ಅಂತ ಅಲೈನ್ಮೆಂಟ್ ಬಿಡಬ್ಯಾಡ್ರಿ, ಕ್ಯಾಂಬರ್ ಬದ್ಲಾದ್ರ ಟೋ (ಗಾಲಿ ಮುಖ ಒಳಗ ಇಲ್ಲಾ ಹೊರಗ ತಿರುಗಿರೋದು) ಅದೂ ಬದ್ಲಾಗತೈತಿ, ಟಯರ್ ಒಳಗಿನ ಅಂಚು ಸವದು ತಂತಿ ಕಾಣೋಮಟ ಮ್ಯಾಲಿಂದ ನೋಡಿದ್ರ ಗೊತ್ತಾಗಂಗಿಲ್ಲ.

ಅಲೈನ್ಮೆಂಟ್ ಮಾಡ್ಸಿದ ಮ್ಯಾಲೂ ಎಳದ್ರ ಮುಂದಿನ ಎರಡು ಟಯರ್ ಅದಲಬದಲು ಮಾಡಿ ನೋಡ್ರಿ, ಎಳೆತ ಇನ್ನೊಂದ ಕಡಿಗೆ ಹೋತಂದ್ರ ಟಯರಿಂದು. ಲೋವರ್ ಆರ್ಮ್ ಬೋಲ್ಟ್ ಸಡ್ಲ ಮಾಡಿದ್ರ ಅದನ್ನ ಕಡೀ ಬಿಗಿಯೋದು ಗಾಡಿ ಭಾರ ಗಾಲಿ ಮ್ಯಾಲ ಕುಂತ ಮ್ಯಾಲ. ಗಾಲಿ ಜೋತಾಡೋ ಮುಂದ ಬಿಗದ್ರ ಬುಶ್ಶಿನ ರಬ್ಬರ್ ತಿರುಚಿಕೊಂಡ ಉಳೀತೈತಿ, ಪ್ರತಿ ಹಂಪಿಗೂ ಹಳೇ ಬಾಗಲದಂಗ ಕಿರ್ ಅಂತೈತಿ, ಕೆಲವ ತಿಂಗಳಾಗ ಹರೀತೈತಿ.

ನನ್ನದು ವಾಷರ್ ಹಾಕಿದ ಮ್ಯಾಲೆ ಕಾಲುವಿ ಹಂಪಿಗೆ ಆರು ಸಲ ಹೋಗಿ ಬಂದೆ, ಸುಮ್ನಾತು. 500 ಕಿಲೋಮೀಟರ್ ಆದ ಮ್ಯಾಲೆ ಎಲ್ಲಾ ಬೋಲ್ಟಿಗೂ ಮತ್ತೊಮ್ಮೆ ಟಾರ್ಕ್ ರೆಂಚ್ ಹಿಡದೆ, ಒಂದೂ ಸರದಿರಲಿಲ್ಲ. ತಗದ ಹಳೇ ಲಿಂಕ್ ರಾಡ್ ಎರಡೂ ಚೊಲೋ ಅದಾವು, ಒಗಿಯಾಕ ಮನಸ್ಸು ಬರವಲ್ದು, ಡಿಕ್ಕ್ಯಾಗ ಇಟ್ಟೀನಿ, ಹಳೇ ಲುಂಗಿ ಸುತ್ತಿ, ಇಲ್ಲಂದ್ರ ಹಂಪ್ ಬಂದಾಗೆಲ್ಲಾ ಅವ ಟಕ್ ಅಂತಾವು.